ಇಸುಬಿಗೆ ಬದನೆಕಾಯಿಯನ್ನು ಶಿಕ್ಷಿಸುವ ಮುನ್ನ

ಬೆಂಗಳೂರಿನ ಮನೆಗಳಲ್ಲಿ ಮಗುವಿನ ಮೊಣಕೈ ಮಡಿಕೆಯಲ್ಲೋ ಮಂಡಿಯ ಹಿಂಬದಿಯಲ್ಲೋ ತುರಿಸುವ ಇಸುಬು ಕಾಣಿಸಿಕೊಂಡಿತೆಂದರೆ ಮೊದಲು ವಿಚಾರಣೆಗೆ ಗುರಿಯಾಗುವುದು ಅಡುಗೆಮನೆ. ಬದನೆಕಾಯಿ ನಂಜು, ಕಡಲೆಬೀಜ ನಂಜು, ಮೊಟ್ಟೆ ಉಷ್ಣ ಎಂದು ಒಂದೊಂದನ್ನೇ ಬಿಡಿಸುತ್ತ ಹೋಗಿ ಕೊನೆಗೆ ತಟ್ಟೆಯಲ್ಲಿ ಅನ್ನ, ತಿಳಿಸಾರು ಉಳಿಯುತ್ತವೆ, ತುರಿಕೆಯೂ ಉಳಿದಿರುತ್ತದೆ. ಈ ಪಥ್ಯದ ಹಿಂದಿನ ಕಾಳಜಿ ನಿಜವಾದದ್ದೇ, ಆದರೆ ಅದು ಕಾರಣ ಮತ್ತು ಪರಿಣಾಮಗಳನ್ನು ಅದಲುಬದಲು ಮಾಡಿಕೊಂಡಿದೆ. ಅನೇಕ ಮಕ್ಕಳಲ್ಲಿ ಇಸುಬು ಮೊದಲು ಬರುತ್ತದೆ, ಆಹಾರದ ಅಲರ್ಜಿ ಅದರ ಬೆನ್ನಿಗೆ ಹುಟ್ಟುತ್ತದೆ.

ಚರ್ಮದ ಹೊರಪದರವನ್ನು ಬಿಗಿಗೊಳಿಸಿ ತೇವ ಕಾಪಾಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿರುವ ದೋಷಕ್ಕೂ ಇಸುಬಿಗೂ ಗಾಢ ಸಂಬಂಧವಿದೆಯೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರ ನೇತೃತ್ವದ ತಂಡ ತೋರಿಸಿತು. ಹೀಗೆ ಬಿರುಕುಬಿಟ್ಟ ಚರ್ಮದ ಮೂಲಕ, ಮನೆಯ ದೂಳಿನಲ್ಲೂ ದೊಡ್ಡವರ ಕೈಗಳಲ್ಲೂ ಇರುವ ಕಡಲೆಬೀಜ, ಹಾಲು, ಮೊಟ್ಟೆಗಳ ಪ್ರೋಟೀನು ಒಳಗಿಳಿಯುತ್ತದೆ. ಹೆಬ್ಬಾಗಿಲಿನಿಂದ ಬಂದವನಿಗೆ ತಾಂಬೂಲ ಕೊಡುವ ಮನೆಯವರೇ ಹಿತ್ತಲ ಗೋಡೆ ಹಾರಿ ಬಂದವನಿಗೆ ದೊಣ್ಣೆ ಎತ್ತುವಂತೆ, ಬಾಯಿಯಿಂದ ಕರುಳಿಗೆ ಬಂದ ಪ್ರೋಟೀನನ್ನು ಸಹಿಸಲು ಕಲಿಯುವ ರೋಗನಿರೋಧಕ ವ್ಯವಸ್ಥೆಯು, ಉರಿಯೂತಗೊಂಡ ಚರ್ಮದಿಂದ ನುಸುಳಿದ ಅದೇ ಪ್ರೋಟೀನಿನ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸುತ್ತದೆ. ರಕ್ತದಲ್ಲಿ ಸಂಚರಿಸುವ ಐಜಿಇ ದೇಹದ ಎಲ್ಲೆಡೆ ಇರುವ, ಅಲರ್ಜಿಯ ರಾಸಾಯನಿಕಗಳನ್ನು ತುಂಬಿಕೊಂಡ ಮಾಸ್ಟ್ ಕೋಶಗಳ ಮೇಲೆ ಕುಳಿತು ಕಾಯುತ್ತದೆ. ಮುಂದೊಮ್ಮೆ ಮಗು ಆ ಆಹಾರವನ್ನು ತಿಂದಾಗ ಆ ಕೋಶಗಳಿಂದ ತುರಿಕೆ, ಊತ ತರಿಸುವ ಹಿಸ್ಟಮಿನ್ ಹೊರಚಿಮ್ಮುತ್ತದೆ.

ಅಲರ್ಜಿಯ ಮೂಲ ರಕ್ತದಲ್ಲಿದೆ ಎಂಬುದನ್ನು ಬಹಳ ಹಿಂದೆಯೇ, 1921ರಲ್ಲಿ, ಜರ್ಮನಿಯ ವೈದ್ಯ ಪ್ರೌಸ್ನಿಟ್ಸ್ ತಮ್ಮ ಮೈಮೇಲೆಯೇ ತೋರಿಸಿದ್ದರು. ಮೀನು ಒಗ್ಗದ ಸಹೋದ್ಯೋಗಿ ಕುಸ್ಟ್ನರ್ ಅವರ ಸೀರಮ್ (ರಕ್ತದ ತಿಳಿದ್ರವ) ಅನ್ನು ತಮ್ಮ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅಲ್ಲಿಗೇ ಮೀನಿನ ಸಾರ ಚುಚ್ಚಿದಾಗ ದದ್ದು ಎದ್ದಿತು. ಆ ಸೀರಮ್ಮಿನಲ್ಲಿದ್ದದ್ದು ಐಜಿಇ ಎಂದು ತಿಳಿಯಲು 1960ರ ದಶಕದವರೆಗೆ ಕಾಯಬೇಕಾಯಿತು.

ಬಾಯಿಯ ದಾರಿಯ ಮಹತ್ವಕ್ಕೆ ಬಲವಾದ ಪುರಾವೆ ಸಿಕ್ಕಿದ್ದು 2015ರಲ್ಲಿ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನದಲ್ಲಿ, ಕಡಲೆಬೀಜವನ್ನು ದೂರವಿಟ್ಟವರ ಪೈಕಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಐದನೆಯ ವಯಸ್ಸಿನಲ್ಲಿ ಅದರ ಅಲರ್ಜಿಯಿತ್ತು. ಮೊದಲಿನಿಂದ ತಿಂದವರಲ್ಲಿ ನೂರಕ್ಕೆ ಸುಮಾರು 3 ಮಕ್ಕಳಿಗೆ ಮಾತ್ರ. (ಇಡೀ ಬೀಜ ಶಿಶುವಿನ ಗಂಟಲಿಗೆ ಸಿಕ್ಕೀತು, ತೀವ್ರ ಇಸುಬಿದ್ದರೆ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.)

ಇನ್ನು ಚರ್ಮದ ದಾರಿಗೆ ಜಪಾನಿನ ಉದಾಹರಣೆಯಿದೆ: ಗೋಧಿ ಪ್ರೋಟೀನು ಬೆರೆಸಿದ ಮುಖದ ಸಾಬೂನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿಂದರೆ ಅಲರ್ಜಿಯಾಗತೊಡಗಿತು. ನಮ್ಮಲ್ಲಿ ಕೂಸಿನ ಎಣ್ಣೆನೀರಿಗೆ ಕಡಲೆಹಿಟ್ಟು, ಹಾಲಿನ ಕೆನೆ ಹಚ್ಚುವ ರೂಢಿಯಿದೆ. ಒಡೆದ ಚರ್ಮಕ್ಕೆ ಇವನ್ನು ಉಜ್ಜದಿರುವುದು ಲೇಸೆಂದು ನನ್ನ ಎಣಿಕೆ.

ಆಹಾರದಿಂದ ಇಸುಬು ಕೆರಳುವುದೇ ಇಲ್ಲವೆಂದಲ್ಲ. ಮಧ್ಯಮದಿಂದ ತೀವ್ರ ಇಸುಬಿರುವ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ನಿಜವಾದ ಆಹಾರದ ಅಲರ್ಜಿಯಿರುತ್ತದೆ. ತಿಂದ ಎರಡು ಗಂಟೆಯೊಳಗೆ ದದ್ದು, ತುಟಿಯ ಊತ, ವಾಂತಿ ಕಂಡರೆ ಅದು ಗಂಭೀರ ಸೂಚನೆ. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕೆಲವರಲ್ಲಿ ಇಸುಬು ಒಂದೆರಡು ದಿನ ತಡವಾಗಿ ಕೆರಳುವುದೂ ಉಂಟು. ಆದರೆ ಐಜಿಇ ವರದಿಯಲ್ಲಿ ಪಾಸಿಟಿವ್ ಎಂದ ಮಾತ್ರಕ್ಕೆ ಅಲರ್ಜಿ ಖಚಿತವಲ್ಲ. ಲ್ಯಾಬ್‌ಗಳು ಹತ್ತಾರು ಆಹಾರಗಳಿಗೆ ಒಟ್ಟಿಗೆ ಮಾಡುವ, ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯಂತೂ ದುಡ್ಡಿಗೆ ದಂಡ, ಏಕೆಂದರೆ ಐಜಿಜಿ ಇರುವುದು ಆ ಆಹಾರವನ್ನು ತಿಂದಿದ್ದಕ್ಕೆ ಗುರುತಷ್ಟೆ.

ಅನುಮಾನವಿದ್ದಲ್ಲಿ ವೈದ್ಯರ ಸಲಹೆಯಂತೆ ಒಂದು ಆಹಾರವನ್ನು ಕೆಲವು ವಾರ ಮಾತ್ರ ಬಿಟ್ಟು, ಮತ್ತೆ ಕೊಟ್ಟು ನೋಡಬೇಕು. ಐಜಿಇ ಇದ್ದರೂ ಹಾಲನ್ನು ನಿತ್ಯ ಕುಡಿದು ಸಹಿಸುತ್ತಿದ್ದ ಇಸುಬಿನ ಮಗುವಿಗೆ ತಿಂಗಳುಗಟ್ಟಲೆ ಅದನ್ನು ನಿಲ್ಲಿಸಿ ಮತ್ತೆ ಕೊಟ್ಟಾಗ ಪ್ರಾಣಾಪಾಯದ ಅಲರ್ಜಿ ಎದುರಾದ ಪ್ರಕರಣಗಳಿವೆ. ಆದ್ದರಿಂದ ದೀರ್ಘ ಪಥ್ಯದ ನಂತರ ಮೊದಲ ಗುಟುಕನ್ನು ಮನೆಯಲ್ಲಿ ಕೊಡುವ ಬದಲು ವೈದ್ಯರ ಎದುರಿನಲ್ಲೇ ಕೊಡಬೇಕು.