ಬೆಕ್ಕಿನ ಹೊಟ್ಟೆಗೆ ನೀರುಳ್ಳಿ ಹೋದರೆ: ಒಂದು ಪಾಠದ ಟಿಪ್ಪಣಿ

ಪ್ರಾಣಿಗಳ ಪ್ರಥಮ ಚಿಕಿತ್ಸೆ ಕಲಿಯುತ್ತಿರುವ ನಮ್ಮ ಗುಂಪಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಬೆಕ್ಕಿಗೆ ಆಗದ ತಿನಿಸುಗಳ ಪಟ್ಟಿ ಉದ್ದ ಇದೆ: ನೀರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಕಾಫಿ, ಚಾ ಪುಡಿ, ಮದ್ಯ. ಆದರೆ ಕಾಸರಗೋಡಿನ ಅಡುಗೆಮನೆಯಲ್ಲಿ ಬೆಕ್ಕಿನ ಬಾಯಿಗೆ ದಿನವೂ ಸಿಗುವುದು ಮೊದಲಿನ ಎರಡು. ಹಾಗಾಗಿ ಇಲ್ಲೂ ಅವುಗಳದ್ದೇ ದರ್ಬಾರು.

ಬರೀ ನೀರುಳ್ಳಿಯನ್ನು ಬೆಕ್ಕು ಮೂಸಿಯೂ ನೋಡುವುದಿಲ್ಲ. ಬಂಗುಡೆ ಸಾರಿನ ತಟ್ಟೆ ಇಟ್ಟರೆ ಮಾತ್ರ ಹೊಳೆಯುವಷ್ಟು ನೆಕ್ಕುತ್ತದೆ. ಆ ಮಸಾಲೆಯಲ್ಲಿ ಅರೆದ ಬೆಳ್ಳುಳ್ಳಿ ಇದೆ, ನೀರುಳ್ಳಿಯೂ ಇದೆ. ಬೇಯಿಸಿದರೂ ಹುರಿದರೂ ವಿಷ ಹೋಗುವುದಿಲ್ಲ. ಒಣ ಪುಡಿಯಲ್ಲಿ ನೀರಿನಂಶ ಇಲ್ಲದ ಕಾರಣ ಅದು ಇನ್ನೂ ಜೋರು. ಸೂಪ್ ಪ್ಯಾಕೆಟ್, ನೂಡಲ್ಸ್ ಮಸಾಲೆ ಎಲ್ಲ ಇದರಲ್ಲೇ ಬಂತು.

ಲೆಕ್ಕ ಹೀಗೆ: ಬೆಕ್ಕಿನ ತೂಕದ ಪ್ರತಿ ಕಿಲೋಗೆ ಸುಮಾರು 5 ಗ್ರಾಂ ನೀರುಳ್ಳಿ ಸಾಕು, ರಕ್ತ ಕೆಡಲು. 3 ಕಿಲೋ ಬೆಕ್ಕಿಗೆ 15 ಗ್ರಾಂ. ಹೆಚ್ಚಿಟ್ಟರೆ ಒಂದೂವರೆ ದೊಡ್ಡ ಚಮಚ, ಅಷ್ಟೇ. ಬೆಳ್ಳುಳ್ಳಿ ಇದಕ್ಕಿಂತ ಕೆಲವು ಪಟ್ಟು ತೀಕ್ಷ್ಣ. 5 ಗ್ರಾಂ ಒಳಗಿದ್ದರೆ ತೊಂದರೆ ಇಲ್ಲ ಎಂದೂ ಅಲ್ಲ. ದಿನಾ ಸ್ವಲ್ಪ ಸ್ವಲ್ಪ ತಿಂದರೂ ಹಾನಿ ಸೇರುತ್ತಾ ಹೋಗುತ್ತದೆ.

ಎರಡು ದಿನ ಚೆನ್ನಾಗಿರುತ್ತದಲ್ಲ, ಯಾಕೆ?

ನನಗೆ ತಲೆಗೆ ಹೋಗದೇ ಇದ್ದದ್ದು ಇದೇ. ವಿಷ ಅಂದಮೇಲೆ ತಕ್ಷಣ ಒದ್ದಾಡಬೇಕು ಅಲ್ವಾ? ನೀರುಳ್ಳಿ ಹಾಗಲ್ಲ. ಅದರ ಗಂಧಕದ ಅಂಶಗಳು ಹೊಟ್ಟೆಯಿಂದ ರಕ್ತಕ್ಕೆ ಇಳಿದು ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಕೈ ಹಾಕುತ್ತವೆ. ಹಿಮೋಗ್ಲೋಬಿನ್‌ನಲ್ಲಿ ಇವು ಹಿಡಿದುಕೊಳ್ಳುವ ಗಂಧಕದ ಕೊಂಡಿಗಳಿವೆ: ಮನುಷ್ಯನಲ್ಲಿ 2, ನಾಯಿಯಲ್ಲಿ 4, ಬೆಕ್ಕಿನಲ್ಲಿ 8. ಅದೇ ಸಾರು ನಮಗೆ ಊಟ, ಬೆಕ್ಕಿಗೆ ವಿಷ ಆಗುವುದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ.

ಕೆಟ್ಟ ಹಿಮೋಗ್ಲೋಬಿನ್ ಹಾಲು ಒಡೆದ ಹಾಗೆ ಗಡ್ಡೆಕಟ್ಟಿ ಕಣದ ಅಂಚಿಗೆ ಅಂಟುತ್ತದೆ. ಇದಕ್ಕೆ ಹೈನ್ಜ್ ಬಾಡಿ ಎನ್ನುತ್ತಾರೆ. ಅಂಟಿದ ಕ್ಷಣಕ್ಕೇ ಕಣ ಸಾಯುವುದಿಲ್ಲ, ಓಡಾಡುತ್ತಲೇ ಇರುತ್ತದೆ. ಆಮೇಲೆ ಒಂದೊಂದಾಗಿ ಒಡೆಯುತ್ತವೆ, ಇಲ್ಲವೇ ದೇಹವೇ ಅವನ್ನು ತೆಗೆದುಹಾಕುತ್ತದೆ. ಕಣಗಳ ಎಣಿಕೆ ಬೀಳಲು ದಿನಗಳು ಬೇಕು. ಹಾಗಾಗಿ ತಿಂದ ದಿನ ವಾಂತಿ ಭೇದಿ ಮಾತ್ರ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಮೂರು, ನಾಲ್ಕನೇ ದಿನ ಸುಸ್ತು, ಜೋರು ಉಸಿರು, ಕಂದು ಕೆಂಪು ಮೂತ್ರ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಹೋಗಿ ಬಿಳಿಚಿದ್ದರೆ, ಹಳದಿ ಅಥವಾ ಕಂದು ತಿರುಗಿದ್ದರೆ, ಒಂದು ಗಳಿಗೆಯೂ ಕಾಯುವ ಹಾಗಿಲ್ಲ.

ಲಕ್ಷಣ ಕಾಣಲಿ, ಆಮೇಲೆ ನೋಡೋಣ ಅನ್ನುವ ಮಾತು ಈ ವಿಷಕ್ಕೆ ನಡೆಯದು. ವಾಂತಿ ಮಾಡಿಸಿ ಉಪಯೋಗವಾಗುವುದು ತಿಂದ ಒಂದೆರಡು ಗಂಟೆಯೊಳಗೆ. ಅದು ಡಾಕ್ಟರು ಇಂಜೆಕ್ಷನ್ ಕೊಟ್ಟು ಮಾಡಿಸುವ ಕೆಲಸ. ಮನೆಯಲ್ಲಿ ಬೇಡ, ಖಂಡಿತ ಬೇಡ. ಉಪ್ಪುನೀರು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಅದೇ ಇನ್ನೊಂದು ವಿಷ. ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಹೊಟ್ಟೆಯ ಒಳಪದರವನ್ನು ಸುಟ್ಟು ರಕ್ತ ಬರಿಸುತ್ತದೆ. ಹಾಲು ಹುಯ್ದರೆ ವಿಷ ಇಳಿಯುವುದಿಲ್ಲ. ಹೊಟ್ಟೆಯ ವಿಷ ಹೀರಲು ಡಾಕ್ಟರು ಕೊಡುವ ಔಷಧಿಯ ಇದ್ದಿಲು ಬೇರೆ, ಒಲೆಯ ಇದ್ದಿಲು ಬೇರೆ.

ಮಾಡಬೇಕಾದದ್ದು: ತಟ್ಟೆ ತೆಗೆಯಿರಿ, ಬಾಯಲ್ಲಿ ಉಳಿದದ್ದಿದ್ದರೆ ಕಚ್ಚಿಸಿಕೊಳ್ಳದೆ ತೆಗೆಯಿರಿ, ಫೋನ್ ಮಾಡಿ. ಬದಿಯಡ್ಕ, ಪೆರ್ಲ ಕಡೆಯಿಂದ ಸುಮ್ನೆ ಮಂಗಳೂರಿಗೆ ಗಾಡಿ ಬಿಡುವ ಮೊದಲು ಹತ್ತಿರದ ಮೃಗಾಸ್ಪತ್ರೆಗೆ ಕೇಳಿ. ರಾತ್ರಿಯಾದರೆ ಯಾರು ಸಿಗುತ್ತಾರೆ ಎಂಬುದನ್ನು ಈಗಲೇ ವಿಚಾರಿಸಿ ಗೋಡೆಗೆ ಅಂಟಿಸಿಡಿ. ಡಾಕ್ಟರು ಕೇಳುವುದು ನಾಲ್ಕೇ: ಏನು, ಎಷ್ಟು, ಎಷ್ಟು ಹೊತ್ತಿಗೆ, ತೂಕ ಎಷ್ಟು. ತೂಕಕ್ಕೆ ನನ್ನ ಇಷ್ಟದ ಉಪಾಯ: ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಒಬ್ಬರೇ ನಿಲ್ಲಿ, ಕಳೆಯಿರಿ. ಪ್ಯಾಕೆಟ್ ಇದ್ದರೆ ಜೊತೆಗೇ ಒಯ್ಯಿರಿ.

ಚಾಕೊಲೇಟ್ ಬಗ್ಗೆ ಚುಟುಕಾಗಿ. ಬೆಕ್ಕಿಗೆ ಸಿಹಿ ರುಚಿ ತಿಳಿಯದು, ಆದರೆ ಕೊಬ್ಬಿನಾಸೆ ಇದೆ. ಗಲ್ಫಿನಿಂದ ಬಂದ ಡಬ್ಬಿ ಮುಚ್ಚಿಡಿ. ಕಪ್ಪು ಚಾಕೊಲೇಟ್ ಜಾಸ್ತಿ ಕೆಟ್ಟದ್ದು. ಅದರ ಥಿಯೋಬ್ರೊಮಿನ್ ಕೆಲವೇ ಗಂಟೆಗಳಲ್ಲಿ ಎದೆಬಡಿತ ಏರಿಸುತ್ತದೆ, ನಡುಕ ಬರಿಸುತ್ತದೆ.

ತಿನಿಸಲ್ಲದಿದ್ದರೂ ಇದನ್ನು ಸೇರಿಸಲೇಬೇಕು: ಜ್ವರಕ್ಕೆಂದು ಕಾಲು ಭಾಗ ಪ್ಯಾರಸಿಟಮಾಲ್ ಕೊಡುವ ಮನೆಗಳಿವೆ. 650ರ ಮಾತ್ರೆಯ ಕಾಲು ಅಂದರೆ 160 ಮಿಲಿಗ್ರಾಂ ದಾಟಿತು. ಬೆಕ್ಕಿಗೆ ಕಿಲೋಗೆ 10 ಮಿಲಿಗ್ರಾಂನಿಂದಲೇ ಅಪಾಯ ಶುರು. ರಕ್ತಕ್ಕೆ ಆಗುವ ಹಾನಿ ಅದೇ ಜಾತಿಯದ್ದು, ಆದರೆ ದಿನಗಳಲ್ಲಿ ಅಲ್ಲ, ಗಂಟೆಗಳಲ್ಲಿ. ಮುಖ, ಪಂಜ ಊದಿಕೊಳ್ಳುತ್ತವೆ. ಇದಕ್ಕೆ ಅಸಿಟೈಲ್‌ಸಿಸ್ಟೈನ್ ಎಂಬ ಮದ್ದಿದೆ. ನೀರುಳ್ಳಿಗೆ ಅಂಥ ನೇರ ಪ್ರತಿವಿಷ ಇಲ್ಲ. ಆಮ್ಲಜನಕ, ಡ್ರಿಪ್, ತೀರಾ ಬಿಗಡಾಯಿಸಿದರೆ ಬೇರೆ ಬೆಕ್ಕಿನ ರಕ್ತ. ನೀರುಳ್ಳಿಯ ಹಾನಿ ತಡವಾಗಿ ಕಾಣುವುದರಿಂದಲೇ ಮೊದಲ ದಿನದ ರಕ್ತಪರೀಕ್ಷೆ ಸರಿಯಾಗಿದ್ದರೂ ಕೆಲವು ದಿನ ಬಿಟ್ಟು ಮತ್ತೆ ತನ್ನಿ ಅನ್ನುತ್ತಾರೆ. ಬೆಕ್ಕು ಮಾಡಿನ ಮೇಲೆ ಓಡಾಡುತ್ತಿದ್ದರೂ ಹಿಡಿದು ಒಯ್ಯಿರಿ.