ಮನೆ ಹಾಗೇ ಇದೆ, ಖಾತೆ ಕೆಟ್ಟಿದೆ

"ಎಲ್ಲಾ ಹೋಯ್ತು ಕಣೋ, ಒಂದು ಫೋಟೋನೂ ಇಲ್ಲ." ಚಿಕ್ಕಪ್ಪ ಫೋನ್ ಮಾಡಿದಾಗ ರಾತ್ರಿ ಹತ್ತು ಗಂಟೆ. ಸಂಜೆ ಗುಡುಗು ಮಳೆ ಬಂದು ಕರೆಂಟು ಹೋಗಿತ್ತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದ್ದರಿಂದ ಕಂಪ್ಯೂಟರೂ ಅದರ ಜೊತೆಗೇ ಆರಿಹೋಯಿತು. ಮತ್ತೆ ಹಾಕಿ ಪಾಸ್‌ವರ್ಡ್ ಒತ್ತಿದರೆ ಅಂಗಡಿಯಿಂದ ಈಗಷ್ಟೇ ತಂದಂಥ ಬೋಳು ಪರದೆ. ಮೊಮ್ಮಗಳ ಚಿತ್ರ ಇಲ್ಲ, ಅಡಿಕೆ ಲೆಕ್ಕದ ಫೈಲ್ ಇಲ್ಲ. ತಾತ್ಕಾಲಿಕ ಪ್ರೊಫೈಲ್ ಅಂತ ಮೂಲೆಯಲ್ಲಿ ಒಂದು ಸೂಚನೆ ಬಂದಿತ್ತಂತೆ. ಓದದೆ ಮುಚ್ಚಿದ್ದರು. ನಾವೆಲ್ಲ ಮಾಡುವುದೂ ಅದನ್ನೇ ಅಲ್ವಾ?

"ಅದರಲ್ಲಿ ಏನನ್ನೂ ಸೇವ್ ಮಾಡಬೇಡಿ ಚಿಕ್ಕಪ್ಪ, ಬೆಳಿಗ್ಗೆ ಬರ್ತೀನಿ" ಎಂದೆ.

ಅಕೌಂಟಿಗೆ ಕನ್ನಡದಲ್ಲಿ ಖಾತೆ ಅಂತೀವಿ. ಆ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಮನೆಯ ಖಾತೆಯಲ್ಲಿ ತಪ್ಪಾದರೆ ಗೋಡೆ ಬೀಳುವುದಿಲ್ಲ, ಪಾತ್ರೆ ಪಡಗ ಎಲ್ಲಿಗೂ ಹೋಗುವುದಿಲ್ಲ. ಕಚೇರಿಯ ಲೆಕ್ಕದಲ್ಲಿ ಮಾತ್ರ ಆ ಮನೆ ನಿಮ್ಮದಲ್ಲ. ವಿಂಡೋಸ್‌ನಲ್ಲೂ ಹೀಗೇ. ನಿಮ್ಮ ಫೋಟೋ, ಕಾಗದಪತ್ರ ಎಲ್ಲ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲಿ, ನಿಮ್ಮ ಹೆಸರಿನಡಿ ಇರುತ್ತವೆ. ಅಲ್ಲೇ ಕಣ್ಣಿಗೆ ಕಾಣದಂತೆ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಇನ್ನೊಂದು ಫೈಲ್ ಇದೆ. ಪರದೆಯ ಚಿತ್ರ ಯಾವುದು, ಯಾವ ಪ್ರಿಂಟರ್, ಕೀಲಿಮಣೆ ಯಾವ ಭಾಷೆಯದು, ಇಂಥ ನೂರೆಂಟು ವಿವರ ಅದರಲ್ಲಿ. ಲಾಗಿನ್ ಆದಾಗ ವಿಂಡೋಸ್ ಇದನ್ನು ತೆರೆಯುತ್ತದೆ. ತೆರೆಯಲಾಗದಿದ್ದರೆ ನಿಮ್ಮನ್ನು ಹೊರಗೆ ಅಟ್ಟುವುದಿಲ್ಲ. ಟೆಂಪ್ ಎಂಬ ಖಾಲಿ ಕೋಣೆ ಕೊಡುತ್ತದೆ. ಲಾಗೌಟ್ ಆದ ಕೂಡಲೇ ಆ ಕೋಣೆಯನ್ನು ಗುಡಿಸಿಬಿಡುತ್ತದೆ. ಅಲ್ಲಿ ಇಟ್ಟದ್ದೂ ಕಸದ ಜೊತೆ ಹೋಗುತ್ತದೆ. ಸೇವ್ ಮಾಡಬೇಡಿ ಎಂದದ್ದು ಅದಕ್ಕೇ.

ಒಂದು ಸಣ್ಣ ಫೈಲ್ ಕರೆಂಟಿಗೆ ಇಷ್ಟು ಹೆದರುವುದೇಕೆ? ಹಳೇ ಕಾಲದ ದಿನಸಿ ಅಂಗಡಿಯವರನ್ನು ನೆನೆಸಿಕೊಳ್ಳಿ. ವ್ಯಾಪಾರ ಆದ ಹಾಗೆ ಕಿರ್ದಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಅಲ್ಲಿಂದ ನಿಧಾನಕ್ಕೆ ಖಾತೆ ಪುಸ್ತಕಕ್ಕೆ ಏರಿಸುತ್ತಿದ್ದರು. ಮಧ್ಯದಲ್ಲಿ ದೀಪ ಆರಿದರೆ ಚಿಂತೆಯಿಲ್ಲ, ಕಿರ್ದಿ ನೋಡಿ ಮತ್ತೆ ಬರೆದರಾಯಿತು. ವಿಂಡೋಸ್ ಮಾಡುವುದೂ ಇದನ್ನೇ. ಆ ಫೈಲಿನ ಪಕ್ಕದಲ್ಲಿ ಲಾಗ್1, ಲಾಗ್2 ಎಂಬ ಬಾಲದ ಎರಡು ಕಿರ್ದಿಗಳಿರುತ್ತವೆ. ಇನ್ನು ಮುಖ್ಯ ಫೈಲಿನ ಮೊದಲ 4096 ಬೈಟು ಅದರ ತಲೆಬರಹ. ಆರ್, ಇ, ಜಿ, ಎಫ್ ಎಂಬ ನಾಲ್ಕು ಅಕ್ಷರದಿಂದ ಶುರುವಾಗುತ್ತದೆ. ಅದರ ಬೆನ್ನಿಗೇ ಎರಡು ಅಂಕಿಗಳಿವೆ. ಬರೆಯಲು ಕೂತಾಗ ಮೊದಲನೇ ಅಂಕಿ ಒಂದು ಏರುತ್ತದೆ. ಬರೆದು ಮುಗಿದ ಮೇಲೆ ಎರಡನೆಯದೂ ಅದಕ್ಕೆ ಸಮವಾಗುತ್ತದೆ. ಮುಂದಿನ ಸಲ ತೆರೆದಾಗ ಎರಡೂ ಒಂದೇ ಇಲ್ಲದಿದ್ದರೆ, ಕೆಲಸ ಅರ್ಧಕ್ಕೆ ನಿಂತಿದೆ ಎಂದರ್ಥ. ಆಗ ಕಿರ್ದಿ ತೆಗೆದು ಸರಿಮಾಡುತ್ತದೆ. ಎಷ್ಟು ಸರಳ ಉಪಾಯ ನೋಡಿ! ಆದರೆ ಕಿರ್ದಿಯೇ ಹರಿದಿದ್ದರೆ, ಅಥವಾ ಡಿಸ್ಕಿನ ಆ ಜಾಗವೇ ಕೆಟ್ಟಿದ್ದರೆ? ಆಗಲೇ ಖಾಲಿ ಕೋಣೆ.

ಬೆಳಿಗ್ಗೆ ಹೋದವನು ಮೊದಲು ಯೂಸರ್ಸ್ ಫೋಲ್ಡರ್ ತೆರೆದು ತೋರಿಸಿದೆ. ಚಿಕ್ಕಪ್ಪನ ಹೆಸರು, ಅದರೊಳಗೆ ಪಿಕ್ಚರ್ಸ್, ಅದರೊಳಗೆ ಮೊಮ್ಮಗಳು. "ಅಯ್ಯೋ, ಇಲ್ಲೇ ಇದ್ದಾಳಲ್ಲೋ!" ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿಕೊಂಡ ಮೇಲೆಯೇ ಉಳಿದ ಕೆಲಸಕ್ಕೆ ಕೈಹಾಕಿದೆ.

ನಂತರ ರೀಸ್ಟಾರ್ಟ್. ಶಟ್‌ಡೌನ್ ಸಾಲದು. 2012ರ ವಿಂಡೋಸ್ 8ರಿಂದೀಚೆಗೆ, ಬೇಗ ಶುರುವಾಗಲಿ ಅಂತ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಂದಷ್ಟು ಸ್ಥಿತಿಯನ್ನು ಡಿಸ್ಕಿನಲ್ಲಿ ಇಟ್ಟುಕೊಂಡೇ ಮಲಗುವ ಕ್ರಮ ಬಂದಿದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರು. ಎಷ್ಟೋ ಸಲ ಬೇರೆ ಯಾವುದೋ ಪ್ರೋಗ್ರಾಂ ಆ ಫೈಲನ್ನು ಹಿಡಿದುಕೊಂಡಿರುತ್ತದೆ ಅಷ್ಟೇ. ರೀಸ್ಟಾರ್ಟ್‌ಗೆ ಬಿಡುತ್ತದೆ. ಇಲ್ಲಿ ಬಿಡಲಿಲ್ಲ.

ವಿಂಡೋಸ್ ನಿಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಎಸ್-1-5-21 ಎಂದು ಶುರುವಾಗುವ ಒಂದು ಉದ್ದ ಸಂಖ್ಯೆಯಿಂದ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಕಡತವಾದ ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್ ಎಂಬ ಪಟ್ಟಿಯಲ್ಲಿ ಚಿಕ್ಕಪ್ಪನ ಸಂಖ್ಯೆ ಎರಡು ಕಡೆ ಇತ್ತು. ಒಂದಕ್ಕೆ ಡಾಟ್ ಬ್ಯಾಕ್ ಎಂಬ ಬಾಲ. ಅದೇ ಅಸಲಿ. ಬಾಲ ಕತ್ತರಿಸಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಆದರೆ ಒಳಗಿನ ಫೈಲ್ ಚೆನ್ನಾಗಿದ್ದರೆ ಮಾತ್ರ ಆ ಮಾತು ನಿಜ. ನಾನೂ ಮಾಡಿ ನೋಡಿದೆ, ಮತ್ತೆ ಅದೇ ಬೋಳು ಪರದೆ.

ಉಳಿದದ್ದು ಹೊಸ ಖಾತೆ. ಹಳೆಯದನ್ನು ಅಳಿಸಿ ಅದೇ ಹೆಸರಲ್ಲಿ ಇನ್ನೊಂದು ಮಾಡಿದರೆ ಆಗಲ್ವಾ ಎಂದು ಚಿಕ್ಕಪ್ಪ ಕೇಳಿದರು. ಆಗಲ್ಲ. ಹೆಸರು ಒಂದೇ ಆದರೂ ಸಂಖ್ಯೆ ಬೇರೆ, ವಿಂಡೋಸ್‌ಗೆ ಅವರು ಹೊಸಬರೇ. ಅಳಿಸುವ ಭರದಲ್ಲಿ ಫೈಲುಗಳೂ ಹೋಗಬಹುದು. ಬೇರೆ ಹೆಸರಲ್ಲೇ ಖಾತೆ ತೆರೆದು ಫೋಟೋ, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ತುಂಬಿದೆ. ಎನ್‌ಟಿಯೂಸರ್ ಹೆಸರಿನ ಫೈಲುಗಳನ್ನು ಮುಟ್ಟಲಿಲ್ಲ. ಅವನ್ನೂ ತಂದರೆ ರೋಗವನ್ನೇ ಹೊತ್ತು ತಂದ ಹಾಗೆ.

ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಮಾತ್ರ ಬರಲಿಲ್ಲ. ಅವುಗಳ ಬೀಗಕ್ಕೆ ಹಳೇ ಖಾತೆಯ ಪಾಸ್‌ವರ್ಡೂ ಬೇಕು, ಆ ಉದ್ದ ಸಂಖ್ಯೆಯೂ ಬೇಕು. ಫೈಲನ್ನು ಕಾಪಿ ಮಾಡಿದರೂ ಹೊಸ ಖಾತೆಯಲ್ಲಿ ಅದು ತೆರೆಯುವುದಿಲ್ಲ.

ಚಿಕ್ಕಪ್ಪ ಸುಮ್ನೆ ಎದ್ದು ಅಡುಗೆಮನೆಗೆ ಹೋದರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ತಂದು ತಿರುಗಿಸಿ ಹಿಡಿದರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಎಲ್ಲಾ ಪಾಸ್‌ವರ್ಡು. ಎಲ್ಲೂ ಬರೆದಿಡಬೇಡಿ ಅಂತ ಹೋದ ವರ್ಷ ಗದರಿದವನು ನಾನೇ. ಈಗ ಬಾಯಿ ಮುಚ್ಚಿಕೊಂಡು ಒಂದೊಂದನ್ನೇ ನೋಡಿ ಟೈಪ್ ಮಾಡಿದೆ.