ಶುಗರ್ ಫ್ರೀ ಮಾತ್ರೆ ಹಾಕಿದ ಕಾಫಿಯಿಂದಲೂ ಶುಗರ್ ಏರುತ್ತಾ?

ಪ್ರಶ್ನೆ: ನನಗೆ ಶುಗರ್ ಇದೆ. ಸಕ್ಕರೆ ಬಿಟ್ಟು ಕಾಫಿಗೆ ಶುಗರ್ ಫ್ರೀ ಮಾತ್ರೆ ಹಾಕಿಕೊಳ್ಳುತ್ತೇನೆ. ಈ ಮಾತ್ರೆಯಿಂದಲೇ ಶುಗರ್ ಜಾಸ್ತಿ ಆಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ? ಬಿಟ್ಟುಬಿಡಲಾ?

ಉತ್ತರ: ಕಾಫಿ ಕುಡಿದ ಮೇಲೆ ಗ್ಲುಕೋಮೀಟರ್‌ನಲ್ಲಿ ಅಂಕಿ ಏರಿದ್ದರೆ ಮಾತ್ರೆಯನ್ನು ಬೈಯಬೇಡಿ. ಅದು ಬಹುಮಟ್ಟಿಗೆ ಹಾಲಿನಲ್ಲೇ ಇರುವ ಸಕ್ಕರೆಯಾದ ಲ್ಯಾಕ್ಟೋಸ್‌ನ ಕೆಲಸ, ಜೊತೆಗೆ ತಿಂದ ಬಿಸ್ಕತ್ತಿನದೂ ಇರಬಹುದು. ಇಂಥ ಮಾತ್ರೆಗಳಲ್ಲಿ ಹಾಕುವ ಕೃತಕ ಸಿಹಿಗಳಲ್ಲಿ ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಸುಕ್ರಲೋಸ್ ಸುಮಾರು 600 ಪಟ್ಟು. ಒಂದು ಚಮಚ, ಅಂದರೆ 4 ಗ್ರಾಂ ಸಕ್ಕರೆಯ ಸಿಹಿಗೆ 20 ಮಿಲಿಗ್ರಾಂ ಆಸ್ಪರ್ಟೇಮ್ ಸಾಕು. ಅಷ್ಟರಿಂದ ರಕ್ತದ ಗ್ಲೂಕೋಸ್ ಏರುವುದಿಲ್ಲ.

ಹಾಗಂತ ವಾಟ್ಸಾಪ್ ಸುದ್ದಿ ಪೂರ್ತಿ ಗಾಳಿಮಾತೂ ಅಲ್ಲ. 2014ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಇಲಿಗಳಿಗೆ ಸ್ಯಾಕರಿನ್ ಅನ್ನುವ ಇನ್ನೊಂದು ಕೃತಕ ಸಿಹಿ ಕೊಟ್ಟು ನೋಡಿದರು. ಗ್ಲೂಕೋಸನ್ನು ನಿಭಾಯಿಸುವ ಶಕ್ತಿ ಕುಗ್ಗಿತು. ಆ್ಯಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ಕೊಂದಾಗ ಆ ತೊಂದರೆ ಹೋಯಿತು. ಅಂದರೆ ಸ್ಯಾಕರಿನ್ ನೇರವಾಗಿ ರಕ್ತಕ್ಕೆ ಏನೂ ಮಾಡದೆ, ಕರುಳಿನ ಬ್ಯಾಕ್ಟೀರಿಯಾಗಳ ಮೂಲಕ ಕೆಲಸ ಮಾಡಿತ್ತು. ಮನುಷ್ಯರಲ್ಲಿ ನೋಡಿದ್ದು 7 ಜನರನ್ನು ಮಾತ್ರ, ಅದರಲ್ಲಿ 4 ಜನರಿಗೆ ವ್ಯತ್ಯಾಸ ಕಂಡಿತು. ಅದೇ ಸಂಸ್ಥೆಯವರು 2022ರಲ್ಲಿ 120 ಜನರ ಮೇಲೆ ಮತ್ತೆ ನೋಡಿದರು. ಎರಡು ವಾರದಲ್ಲಿ ಸ್ಯಾಕರಿನ್ ಮತ್ತು ಸುಕ್ರಲೋಸ್ ತಗೊಂಡವರ ಗ್ಲೂಕೋಸ್ ಪರೀಕ್ಷೆಯ ಫಲಿತಾಂಶ ಕೆಟ್ಟಿತು. ಆಸ್ಪರ್ಟೇಮ್, ಸ್ಟೀವಿಯಾ (ಗಿಡದ ಎಲೆಯಿಂದ ತೆಗೆದ ಸಿಹಿ) ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಒಂದೇ ಗುಂಪಿನೊಳಗೂ ಒಬ್ಬರಿಗಾದಂತೆ ಇನ್ನೊಬ್ಬರಿಗೆ ಆಗಲಿಲ್ಲ. ಇವರೆಲ್ಲ ಶುಗರ್ ಇಲ್ಲದ ಆರೋಗ್ಯವಂತರು ಅನ್ನುವುದನ್ನೂ ಗಮನಿಸಿ. ಸ್ಯಾಕರಿನ್‌ನಿಂದ ಏನೂ ಆಗಲಿಲ್ಲ ಅನ್ನುವ ಅಧ್ಯಯನವೂ 2021ರಲ್ಲಿ ಬಂದಿದೆ.

ಹಾಗಾಗಿ ದಿನಕ್ಕೆ ಎರಡು ಮೂರು ಲೋಟ ಕಾಫಿಗೆ ಮಾತ್ರೆ ಹಾಕುವವರು ಗಾಬರಿ ಬೀಳಬೇಕಿಲ್ಲ ಅಂತ ನನಗನ್ನಿಸುತ್ತದೆ. ಮತ್ತೆ ಸಕ್ಕರೆಗೆ ಹೋಗುವುದಂತೂ ಬೇಡ. ಬೆಲ್ಲಕ್ಕೂ ಬೇಡ, ಅದೂ ಹೆಚ್ಚುಕಡಿಮೆ ಸಕ್ಕರೆಯೇ. ಡಬ್ಬಿಯ ಹಿಂದೆ ಯಾವ ಸಿಹಿ ಅಂತ ಬರೆದಿದೆ, ಒಮ್ಮೆ ನೋಡಿ. ಮಾತ್ರೆ ಬದಲು ಪುಡಿಯ ಸ್ಯಾಚೆ ಬಳಸುವವರಾದರೆ ಅದರಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್ ತುಂಬಿರಬಹುದು, ಇವು ಶುಗರ್ ಏರಿಸುವಂಥವೇ. ಒಂದು ಸ್ಯಾಚೆಗೆ ಅದು ಲೆಕ್ಕಕ್ಕಿಲ್ಲ, ಹತ್ತು ಸ್ಯಾಚೆ ಆದರೆ ಇದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಇವನ್ನು ಬಳಸಬೇಡಿ' ಅಂದಿದ್ದು ತೂಕ ಹತೋಟಿಯಲ್ಲಿಡುವುದಕ್ಕೆ ಮತ್ತು ಮಧುಮೇಹದಂಥ ಕಾಯಿಲೆ ಬಾರದಂತೆ ತಡೆಯುವುದಕ್ಕೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಇದೆ. ಫಾರ್ವರ್ಡ್ ಮಾಡುವವರು ಆ ಸಾಲು ಬಿಟ್ಟುಬಿಡುತ್ತಾರೆ!

ನಿಜವಾಗಿ ಶುಗರ್ ಏರಿಸುವುದು ಮಾತ್ರೆಯ ಡಬ್ಬಿಯಲ್ಲ, ಬೇಕರಿಯ 'ಶುಗರ್ ಫ್ರೀ' ಅನ್ನುವ ಚೀಟಿ. ಶುಗರ್ ಫ್ರೀ ಬಿಸ್ಕತ್ತಿನಲ್ಲಿ ಮೈದಾ ಹಾಗೇ ಇರುತ್ತೆ. ಶುಗರ್ ಫ್ರೀ ಪೇಡದಲ್ಲಿ ಖೋವಾ ಇರುತ್ತೆ. ಚಾಕೊಲೇಟಿನಲ್ಲಿ ಮಾಲ್ಟಿಟಾಲ್ ಅನ್ನುವ ಬದಲಿ ಸಿಹಿ ಇರಬಹುದು. ಅದು ಸಕ್ಕರೆಗಿಂತ ನಿಧಾನವಾಗಿ, ಕಡಿಮೆ ಏರಿಸುತ್ತೆ, ಆದರೆ ಏರಿಸುತ್ತೆ. ಜಾಸ್ತಿ ತಿಂದರೆ ಹೊಟ್ಟೆಯೂ ಕೆಡುತ್ತೆ. ಸಕ್ಕರೆ ಇಲ್ವಲ್ಲ ಅಂತ ನಾಲ್ಕು ಪೀಸ್ ತಿನ್ನುವುದು ಇಲ್ಲೇ ಅಲ್ವಾ?

ಇನ್ನೊಂದು ವಿಷಯ ಮರೆಯಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರಿಗೆ ಒಮ್ಮೊಮ್ಮೆ ಶುಗರ್ ತೀರಾ ಇಳಿದು ಕೈ ನಡುಗುತ್ತದೆ, ಬೆವರು ಬರುತ್ತದೆ. ಆಗ ಶುಗರ್ ಫ್ರೀ ಕಾಫಿಯಿಂದ ಏನೂ ಪ್ರಯೋಜನವಿಲ್ಲ. ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದರೆ ಮೂರು ನಾಲ್ಕು ಟೀ ಚಮಚ, ನೀರಿಗೆ ಹಾಕಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಜೊತೆಗೆ ವೋಗ್ಲಿಬೋಸ್ ಅನ್ನುವ ಶುಗರ್ ಮಾತ್ರೆಯೂ ಇದ್ದರೆ ಗ್ಲೂಕೋಸ್ ಪುಡಿಯೇ ಆಗಬೇಕು, ಏಕೆಂದರೆ ಸಕ್ಕರೆ ಒಡೆಯುವುದನ್ನು ಆ ಮಾತ್ರೆ ತಡೆದಿರುತ್ತದೆ.